ಬೀಗ ಬಿದ್ದ ಸಭೆಯ ಸದಸ್ಯರು

1942ರ ಏಪ್ರಿಲ್ 6ರಂದು ಜಪಾನಿ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದವು. ಅದೇ ದಿನ ಕಾಕಿನಾಡದ ಮೇಲೂ ಬಿದ್ದವು. ಜನ ಗಂಟುಮೂಟೆ ಕಟ್ಟಿಕೊಂಡು ಓಡಿದರು. ಮದರಾಸಿನಲ್ಲೂ ಊರು ಖಾಲಿಯಾಗತೊಡಗಿ, ಸರ್ಕಾರಿ ಕಚೇರಿಗಳೇ ಒಳನಾಡಿಗೆ ಹೊರಟವು. ‘ಕಾವಲು ಎಲ್ಲಿತ್ತು? ಈ ಜನ ಎಲ್ಲಿಗೆ ಹೋಗಬೇಕು? ಇವರಿಗೆ ಅಕ್ಕಿ ಎಲ್ಲಿದೆ?’ ಅಂತ ಆ ಕಡೆಯಿಂದ ಆರಿಸಿಹೋದ ಶಾಸಕ ಎದ್ದು ನಿಂತು ಕೇಳಬೇಕಾಗಿದ್ದುದು ಮದರಾಸಿನ ಶಾಸನಸಭೆಯಲ್ಲಿ. ಅದಕ್ಕೋ ಆಗಲೇ ಎರಡೂವರೆ ವರ್ಷದಿಂದ ಬೀಗ ಬಿದ್ದಿತ್ತು!

ಇದು ಆಂಧ್ರದವರ ಕಥೆ, ನಮಗ್ಯಾಕೆ ಅನ್ನಬೇಡಿ. ಇವತ್ತು ವಿಶಾಖಪಟ್ಟಣ, ವಿಜಯವಾಡಗಳ ಆಟೋನಗರಗಳಿಗೆ ಲಾರಿ ರಿಪೇರಿಗೆ ಹೋಗುವ ಬಳ್ಳಾರಿಯವನು ಅಲ್ಲಿ ಪರರಾಜ್ಯದವನು. ಆಗ ಹಾಗಿರಲಿಲ್ಲ. ಬಳ್ಳಾರಿ, ಮಂಗಳೂರು, ಕಾಸರಗೋಡು, ಬೆಜವಾಡ, ವಿಶಾಖಪಟ್ಟಣ ಎಲ್ಲವೂ ಮದರಾಸು ಪ್ರಾಂತ್ಯವೇ. 215 ಸ್ಥಾನಗಳ ಒಂದೇ ಶಾಸನಸಭೆ. ಮೇಲ್ಮನೆಯ ಅಧ್ಯಕ್ಷಪೀಠದಲ್ಲಿದ್ದವರು ಉಡುಪಿ ಮೂಲದ ಡಾ. ಯು. ರಾಮರಾವ್. ಭಾಷಾವಾರು ಪ್ರಾಂತ್ಯಗಳಾಗಬೇಕೆಂದು 1938ರಲ್ಲಿ ನಿರ್ಣಯ ಮಾಡಿದ್ದೂ ಈ ಶಾಸನಸಭೆಯೇ. ಅದು ಬಾಯಿ ಮುಚ್ಚಿದಾಗ ನಮ್ಮ ಮಾತೂ ನಿಂತಿತು.

ಮುಚ್ಚಿದ್ದು ಹೇಗೆ? 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್ಗೋ, ಇಲ್ಲಿಯ ಒಂದು ಶಾಸನಸಭೆಯನ್ನೂ ಕೇಳದೆ, ಭಾರತವೂ ಯುದ್ಧದಲ್ಲಿದೆಯೆಂದು ಸಾರಿಬಿಟ್ಟ. ಅಕ್ಟೋಬರ್ ಕೊನೆಗೆ ರಾಜಾಜಿ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಗವರ್ನರು 1935ರ ಕಾಯ್ದೆಯ 93ನೇ ವಿಧಿ ಹಿಡಿದು ಆಡಳಿತವನ್ನೂ ಶಾಸನ ಮಾಡುವ ಅಧಿಕಾರವನ್ನೂ ತಾನೇ ವಹಿಸಿಕೊಂಡ. 1937ರಲ್ಲಿ ಐದು ವರ್ಷಕ್ಕೆಂದು ಆರಿಸಿದ್ದ ಸಭೆಗೆ 1942ರಲ್ಲಿ ಚುನಾವಣೆಯೂ ಬರಲಿಲ್ಲ. ಮತ್ತೆ ಬಂದದ್ದು 1946ರಲ್ಲಿ.

ರಾಜೀನಾಮೆ ತಪ್ಪು ಅಂತ ನಾನು ಹೇಳುತ್ತಿಲ್ಲ. ಕೇಳದೆ ಯುದ್ಧಕ್ಕೆ ನೂಕಿದವನ ಕೈಕೆಳಗೆ ಮಂತ್ರಿಯಾಗಿ ಕೂರುವುದು ಮಾನವಂತರ ಕೆಲಸವಲ್ಲ. ಆದರೆ ಮಂತ್ರಿ ಎದ್ದುಹೋದರೆ ಸಭೆಯೂ ಮಲಗಬೇಕೆ? ಹಾಗೆ ಮಲಗಿಸಲು ಅವಕಾಶವಿಟ್ಟು ಕಾಯ್ದೆ ಬರೆದ ಲಂಡನ್ನಿನವರು ತಮ್ಮ ಮನೆಯಲ್ಲಿ ಏನು ಮಾಡಿದರು ನೋಡಿ. 1940ರ ಮೇನಲ್ಲಿ, ಯುದ್ಧದ ನಡುವೆಯೇ, ಅಲ್ಲಿನ ಪಾರ್ಲಿಮೆಂಟು ಚರ್ಚೆ ಮಾಡಿ ಚೇಂಬರ್ಲೇನ್ ಪ್ರಧಾನಿಗಿರಿ ಬಿಡುವಂತೆ ಮಾಡಿತು. 1941ರ ಮೇನಲ್ಲಿ ಬಾಂಬು ಬಿದ್ದು ಕಾಮನ್ಸ್ ಸಭಾಂಗಣವೇ ಸುಟ್ಟುಹೋದಾಗ ಬೇರೆ ಕಡೆ ಕೂತು ಅಧಿವೇಶನ ನಡೆಸಿದರು. ತಮಗೊಂದು ನ್ಯಾಯ, ನಮಗೊಂದು!

ಸಭೆ ಇಲ್ಲದ ಸದಸ್ಯನ ಪಾಡು ಎಂಥದ್ದೆಂದು ಅದೇ ಏಪ್ರಿಲ್‌ನಲ್ಲಿ ಗೊತ್ತಾಯಿತು. ವಿಶಾಖಪಟ್ಟಣದ ಮೇಲೆ ಬಾಂಬು ಬಿದ್ದು ಹದಿನೇಳನೇ ದಿನ ಮದರಾಸಿನ ಕಾಂಗ್ರೆಸ್ ಶಾಸಕರು ಸೇರಿ, ರಾಜಾಜಿಯವರ ಮಾತಿನಂತೆ, ಲೀಗಿನ ಬೇಡಿಕೆ ಒಪ್ಪೋಣ, ಪ್ರಾಂತ್ಯದಲ್ಲಿ ಜವಾಬ್ದಾರಿ ಸರ್ಕಾರ ಮತ್ತೆ ಬರಲಿ ಎಂದು ನಿರ್ಣಯ ಮಾಡಿದರು. ಸೇರಿದ್ದು ಪಕ್ಷದ ಸಭೆ. ಶಾಸನಸಭೆಯಾಗಿ ಸೇರುವ ದಾರಿ ಅವರಿಗಿರಲಿಲ್ಲ. ಅಖಿಲ ಭಾರತ ಕಾಂಗ್ರೆಸ್ ಸಮಿತಿ ಅಲಹಾಬಾದಿನಲ್ಲಿ ಅದನ್ನು ತಳ್ಳಿಹಾಕಿತು. ಜುಲೈನಲ್ಲಿ ರಾಜಾಜಿ ಪಕ್ಷವನ್ನೂ ಶಾಸಕಸ್ಥಾನವನ್ನೂ ಬಿಟ್ಟರು. ಆಗಸ್ಟಿನಲ್ಲಿ ಅನೇಕ ಸದಸ್ಯರು ಜೈಲು ಸೇರಿದರು. ಲೀಗಿನ ವಿಷಯದಲ್ಲಿ ರಾಜಾಜಿ ಸರಿಯೋ ತಪ್ಪೋ, ಅದು ಬೇರೆ ವಾದ. ಬಾಂಬು ಬಿದ್ದ ನಾಡಿನ ಸದಸ್ಯರಿಗೆ ಬಾಯಿ ಬಿಡಲು ಒಂದು ಜಾಗ ಬೇಕೆಂದದ್ದು ಮಾತ್ರ ಸರಿ.

ತೆರೆದಿದ್ದ ಸಭೆಗಳೇನು ಕಡಿದು ಕಟ್ಟೆ ಹಾಕಿದವು ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಮೈಸೂರಿನಲ್ಲಿ 1941ರಲ್ಲಿ ಚುನಾವಣೆ ಆಯಿತು, ಪ್ರಜಾಪ್ರತಿನಿಧಿ ಸಭೆ ಸೇರುತ್ತಲೇ ಇತ್ತು. ಆದರೆ ದಿವಾನರು ಅದಕ್ಕೆ ಹೊಣೆಯಾಗಿರಲಿಲ್ಲ. ಅಲ್ಲಿ ಬಾಯಿ ಇತ್ತು, ಕೈ ಇರಲಿಲ್ಲ. ಬಂಗಾಳದ ಸಭೆ 1943ರಲ್ಲೂ ಸೇರಿತು, ಆದರೂ ಬರಗಾಲ ಲಕ್ಷಾಂತರ ಜನರನ್ನು ನುಂಗಿತು. ಸಭೆ ಸೇರಿದ ಮಾತ್ರಕ್ಕೆ ಹೊಟ್ಟೆ ತುಂಬಲ್ಲ, ನಿಜ. ಆದರೆ ಜನ ಸಾಯುತ್ತಿದ್ದಾರೆಂಬ ಮಾತು ಅಲ್ಲಿ ಕಡತಕ್ಕೆ ಹೋಯಿತು. ಮಂತ್ರಿ ಎದುರಿಗೆ ಕೂತು ಕೇಳಿಸಿಕೊಳ್ಳಬೇಕಾಯಿತು. ಮದರಾಸಿನಲ್ಲಿ ಅಷ್ಟೂ ಇಲ್ಲ.

ಈ ಪಾಠವನ್ನು ಸ್ವತಂತ್ರ ಭಾರತ ಒಮ್ಮೆ ಚೆನ್ನಾಗಿ ಕಲಿತಿತ್ತು. 1962ರಲ್ಲಿ ಚೀನಾ ಯುದ್ಧ ನಡೆಯುತ್ತಿದ್ದಾಗಲೇ, ನವೆಂಬರ್ 8ಕ್ಕೆ, ಪಾರ್ಲಿಮೆಂಟಿನ ಅಧಿವೇಶನವನ್ನು ಮುಂಚಿತವಾಗಿ ಕರೆದರು. ನೆಹರೂ ಬೈಗುಳ ತಿಂದರು, ಕೂತು ಕೇಳಿದರು. ಅದರಿಂದ ದೇಶವೇನೂ ಮುಳುಗಲಿಲ್ಲ.

ಆದ್ದರಿಂದ, ‘ಇದು ಯುದ್ಧಕಾಲ, ಈಗ ಪ್ರಶ್ನೆ ಬೇಡ, ಸಭೆ ಆಮೇಲೆ’ ಅಂತ ಯಾರಾದರೂ ಹೇಳಿದರೆ, ಅವರು ಎಷ್ಟೇ ದೊಡ್ಡ ದೇಶಭಕ್ತರಾಗಿರಲಿ, 1942ರ ವಿಶಾಖಪಟ್ಟಣವನ್ನು ನೆನಪಿಸಿ. ಅವತ್ತು ಸದಸ್ಯರಿದ್ದರು, ಪ್ರಶ್ನೆಗಳೂ ಇದ್ದವು. ಕೂತು ಕೇಳುವುದಕ್ಕೆ ಸಭೆ ಇರಲಿಲ್ಲ.