ಹಳೆಯ ಬಂಡಿಯ ಉಸಿರು ಮತ್ತು ಆಹಾರ

ಹಳೆಯ ವಸ್ತುವೊಂದನ್ನು ಪ್ರೀತಿಯಿಂದ ಕಾಪಾಡಿಕೊಂಡು ಬರುವವರಿಗೆ ಎರಡು ಬಗೆಯ ಹಿತೋಪದೇಶಕರು ದೊರೆಯುತ್ತಾರೆ. ಇದ್ದುದನ್ನು ಇದ್ದಂತೆಯೇ ಇಡಿ, ಒಂದು ಮೊಳೆಯನ್ನೂ ಕದಲಿಸಬೇಡಿ ಎನ್ನುವವರದು ಒಂದು ಪಕ್ಷ. ಕಾಲಕ್ಕೆ ತಕ್ಕಂತೆ ಎಲ್ಲವನ್ನೂ ಹೊಸದು ಮಾಡಿ ಎನ್ನುವವರದು ಇನ್ನೊಂದು ಪಕ್ಷ. ತೊಟ್ಟಿಯ ಮನೆ, ಅಜ್ಜನ ಗಡಿಯಾರ, ಅಜ್ಜಿಯ ವೀಣೆ, ಇವುಗಳ ವಿಷಯದಲ್ಲಿ ನಡೆಯುವ ಈ ವಾದವೇ ಹಳೆಯ ಮೋಟಾರು ಬಂಡಿಗಳ ವಿಷಯದಲ್ಲಿಯೂ ನಡೆಯುತ್ತದೆ. ಪ್ರಸಿದ್ಧವಾದ ಒಂದು ಸ್ಪೋರ್ಟ್ಸ್ ಕಾರನ್ನು ನಿದರ್ಶನವಾಗಿಟ್ಟುಕೊಂಡು, ಈ ವಾದದಲ್ಲಿ ಸತ್ಯವು ಎಲ್ಲಿದೆಯೆಂಬುದನ್ನು ಈ ತಿಂಗಳು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಜಪಾನಿನ ನಿಸ್ಸಾನ್ ಕಂಪೆನಿಯು ೧೯೬೯ರ ಕೊನೆಯಲ್ಲಿ ಲೋಕಕ್ಕೆ ತೋರಿದ ಡಾಟ್ಸನ್ ೨೪೦ ಝಡ್ ಎಂಬ ಬಂಡಿಯು ಅಮೆರಿಕಾ ದೇಶದಲ್ಲಿ ಬಹಳ ಜನಾನುರಾಗವನ್ನು ಗಳಿಸಿತು. ಅದರಲ್ಲಿ ಪೆಟ್ರೋಲನ್ನು ಗಾಳಿಯೊಡನೆ ಬೆರಸುತ್ತಿದ್ದುದು ಎರಡು ಕಾರ್ಬ್ಯುರೇಟರುಗಳು. ಹೊಗೆಯ ಮೇಲಿನ ಕಾನೂನುಗಳು ಆ ದೇಶದಲ್ಲಿ ಬಿಗಿಯಾಗುತ್ತ ಬಂದಂತೆ, ಅವಕ್ಕೆ ಹೊಂದಿಸಲೆಂದು ಮಾರ್ಪಡಿಸಿದ ಕಾರ್ಬ್ಯುರೇಟರುಗಳು ಮುಂದಿನ ೨೬೦ ಝಡ್ ಬಂಡಿಗೆ ಕೆಟ್ಟ ಹೆಸರನ್ನೇ ತಂದುವು. ಆದಕಾರಣ ೧೯೭೫ರ ಮಾದರಿಯಿಂದ ೨೮೦ ಝಡ್ ಎಂಬ ಬಂಡಿಗೆ ಅವನ್ನು ತೆಗೆದು, ಜರ್ಮನಿಯ ಬಾಷ್ ಸಂಸ್ಥೆಯು ರೂಪಿಸಿದ ಎಲ್-ಜೆಟ್ರಾನಿಕ್ ಎಂಬ ವಿದ್ಯುತ್ ಇಂಜೆಕ್ಷನ್ ಕ್ರಮವನ್ನು ಅಳವಡಿಸಿದರು. ಬೆಂಗಳೂರಿನವರು ಮೈಕೋ ಎಂದು ಬಹುಕಾಲ ಕರೆದ, ೨೦೦೮ರಿಂದ ಬಾಷ್ ಎಂದೇ ಹೆಸರಾದ ಕಾರ್ಖಾನೆಯು ಈ ಸಂಸ್ಥೆಯ ಬಳಗಕ್ಕೇ ಸೇರಿದುದು. ೨೮೦ ಝಡ್ ೧೯೭೮ರವರೆಗೆ ತಯಾರಾಯಿತು. ಅದರ ಆರು ಸಿಲಿಂಡರುಗಳ ಎಂಜಿನ್ನಿನ ಒಟ್ಟು ಅಳತೆ ೨೭೫೩ ಘನ ಸೆಂಟಿಮೀಟರು.

ಒಲೆಗೆ ಗಾಳಿ ಸಾಲದಿದ್ದರೆ ಹೊಗೆಯೇಳುವುದೆಂದೂ, ಮಿತಿಮೀರಿದರೆ ಉರಿ ನಿಲ್ಲದೆಂದೂ ಗೃಹಿಣಿಯರೆಲ್ಲರೂ ಬಲ್ಲರು. ಎಂಜಿನ್ನಿನ ಧರ್ಮವೂ ಅದೇ. ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು ೧೪.೭ ತೂಕ ಗಾಳಿ ಬೇಕು. ಎಲ್-ಜೆಟ್ರಾನಿಕ್ಕಿನಲ್ಲಿ ಮೊದಲು ಗಾಳಿಯನ್ನು ಅಳೆದು, ಅನಂತರ ಅದಕ್ಕೆ ತಕ್ಕ ಪೆಟ್ರೋಲನ್ನು ಚಿಮ್ಮಿಸುವರು. ಒಳಬರುವ ಗಾಳಿಯು ಸ್ಪ್ರಿಂಗಿಗೆ ಕಟ್ಟಿದ ಒಂದು ತಗಡಿನ ಕದವನ್ನು ತಳ್ಳುತ್ತದೆ. ಕದವು ಎಷ್ಟು ತೆರೆಯಿತೆಂಬುದು ವಿದ್ಯುತ್ತಿನ ಮೂಲಕ ಒಂದು ಪೆಟ್ಟಿಗೆಗೆ ತಿಳಿಯುತ್ತದೆ. ಆರು ಇಂಜೆಕ್ಟರುಗಳು ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ಆ ಪೆಟ್ಟಿಗೆಯು ಲೆಕ್ಕ ಹಾಕುತ್ತದೆ. ಈ ಲೆಕ್ಕದ ಸೂಕ್ಷ್ಮತೆಯನ್ನು ನೋಡಿರಿ. ಮಿನಿಟಿಗೆ ೬೦೦೦ ಸುತ್ತಿನ ವೇಗದಲ್ಲಿ ಒಂದು ಸಿಲಿಂಡರಿನ ಒಂದು ಪೂರ್ಣ ಆವರ್ತಕ್ಕೆ ದೊರೆಯುವ ಕಾಲ ಸೆಕೆಂಡಿನ ೫೦ರಲ್ಲಿ ಒಂದು ಪಾಲು ಮಾತ್ರ. ಅಷ್ಟರಲ್ಲಿ ಅದು ಸೇದಬಲ್ಲ ಗಾಳಿ ಹೆಚ್ಚೆಂದರೆ ಅರ್ಧ ಗ್ರಾಮಿಗಿಂತ ತುಸು ಹೆಚ್ಚು. ಬೇಕಾದ ಪೆಟ್ರೋಲು ಗ್ರಾಮಿನ ೧೦೦ರಲ್ಲಿ ಸುಮಾರು ೪ ಪಾಲು.

ಇಂತಹ ಯಂತ್ರಕ್ಕೆ ಐವತ್ತು ವರ್ಷ ವಯಸ್ಸಾದಾಗ ಬಂಡಿಯು ತಡವರಿಸುವುದು, ಕೆಮ್ಮುವುದು, ಬಿಸಿಯಾದ ಮೇಲೆ ಮತ್ತೆ ಹೊರಡಲು ಹಟಮಾಡುವುದು ಸಹಜ. ಆಗ ಒಡೆಯನ ಮನಸ್ಸು ಹೊಸ ಸಾಮಾನಿನ ಕಡೆಗೆ ಓಡುತ್ತದೆ. ರೋಗವೇನೆಂದು ತಿಳಿಯದೆ ಔಷಧವನ್ನು ಕೊಳ್ಳಬಾರದೆಂಬುದೇ ಇಲ್ಲಿ ನಮ್ಮ ಮೊದಲನೆಯ ಮಾತು. ಅಳೆಯುವ ಕದವನ್ನು ದಾಟಿದ ಮೇಲೆ ಎಲ್ಲಿಯಾದರೂ ಬಿರುಕು ಬಿಟ್ಟ ರಬ್ಬರಿನ ಮೂಲಕ ಗಾಳಿ ನುಸುಳಿದರೆ, ಅದು ಲೆಕ್ಕಕ್ಕೆ ಸಿಕ್ಕದ ಗಾಳಿ. ಎಣ್ಣೆ ಹೊಯ್ಯುವ ಬಾಯಿಯ ಮುಚ್ಚಳ ಸಡಿಲವಾದರೂ ಈ ಬಂಡಿಯ ನಡೆ ಕೆಡುತ್ತದೆ. ತಂತಿಗಳ ಜೋಡಣೆಗಳಲ್ಲಿ ಕಿಲುಬು ಹಿಡಿದರೆ, ಪಂಪಿನ ಒತ್ತಡ ಇಳಿದರೆ, ಬಹುಕಾಲ ನಿಂತ ಬಂಡಿಯ ಇಂಜೆಕ್ಟರುಗಳಲ್ಲಿ ಕಸ ಕಟ್ಟಿದರೆ, ಆ ಲಕ್ಷಣಗಳೂ ಹೀಗೆಯೇ ಇರುತ್ತವೆ. ಇವನ್ನೆಲ್ಲ ಸರಿಪಡಿಸಿದ ಮೇಲೆ ಹೊಸದೇನೂ ಬೇಡವೆಂದು ಕಂಡುಬರುವುದುಂಟು. ಸರಿಪಡಿಸದೆ ಹೊಸ ಯಂತ್ರವನ್ನು ಕೂಡಿಸಿದರೆ ಹಳೆಯ ರೋಗವೇ ಹೊಸ ಯಂತ್ರಕ್ಕೂ ಅಂಟುತ್ತದೆ.

ಇಷ್ಟಾದ ಮೇಲೆಯೂ ಶಕ್ತಿ ಹೆಚ್ಚಬೇಕೆಂಬ ಆಸೆಯಿದ್ದರೆ, ಮೊದಲು ಉಸಿರಿನ ದಾರಿಯನ್ನು ವಿಚಾರಿಸೋಣ. ಬಂಡಿಯೊಡನೆ ಬಂದ ೫೦ ಮಿಲಿಮೀಟರಿನ ಥ್ರಾಟಲನ್ನು ತೆಗೆದು, ಅದೇ ಕಂಪೆನಿಯ ಮುಂದಿನ ಬಂಡಿಯೊಂದರ ೬೦ ಮಿಲಿಮೀಟರಿನದನ್ನು ಜೋಡಿಸುವುದು ಅಲ್ಲಿ ಬಳಕೆಯಲ್ಲಿದೆ. ಬಾಯಿಯ ವಿಸ್ತಾರವು ಇದರಿಂದ ೧೦೦ಕ್ಕೆ ೪೪ ಪಾಲು ಹೆಚ್ಚುವುದು ನಿಜ. ಆದರೆ ಬಾಗಿಲನ್ನು ಹಿರಿದು ಮಾಡಿದ ಮಾತ್ರಕ್ಕೆ ಕೋಣೆ ದೊಡ್ಡದಾಗುವುದಿಲ್ಲವಷ್ಟೆ. ವಾಲ್ವುಗಳೂ ಅವನ್ನು ತೆರೆಯುವ ಕ್ಯಾಮ್ ದಂಡವೂ ಹಳೆಯವೇ ಆಗಿದ್ದರೆ ಲಾಭ ಅಲ್ಪ. ಕಾಲಿನ ಕೆಳಗಿನ ಪೆಡಲು ಮಾತ್ರ ಒರಟಾಗುತ್ತದೆ. ಹೊಳೆಯುವ ಶಂಕುವಿನಾಕಾರದ ಏರ್ ಫಿಲ್ಟರನ್ನು ಎಂಜಿನ್ನಿನ ಮಗ್ಗುಲಲ್ಲಿಯೇ ತೆರೆದಿಡುವುದು ಇನ್ನೂ ಅವಿವೇಕ. ೩೦ ಡಿಗ್ರಿ ಸೆಂಟಿಗ್ರೇಡಿನ ಹೊರಗಾಳಿಯ ಬದಲು ೬೦ ಡಿಗ್ರಿಯ ಬಿಸಿಗಾಳಿಯನ್ನು ಸೇದಿದರೆ, ಅದೇ ಅಳತೆಯಲ್ಲಿ ಗಾಳಿಯ ತೂಕ ೧೦೦ಕ್ಕೆ ಸುಮಾರು ೯ರಷ್ಟು ಕಡಮೆಯಾಗುತ್ತದೆ. ಹಣ ತೆತ್ತು ಬಲ ಕಳೆದುಕೊಂಡಂತಾಯಿತು. ಬಂಡಿಯ ಮುಂಭಾಗದಿಂದ ತಂಪುಗಾಳಿಯನ್ನು ಕೊಳವೆಯಲ್ಲಿ ತರುವುದೇ ಯುಕ್ತವಾದ ಮಾರ್ಗ.

ಕ್ಯಾಮನ್ನು ಬದಲಿಸಿದವರಿಗೆ, ಹಳೆಯ ಪೆಟ್ಟಿಗೆಯು ಹೇಗೂ ಕೆಟ್ಟಿರುವವರಿಗೆ, ಗಣಕಯಂತ್ರದ ಹೊಸ ಕ್ರಮವು ನಿಜವಾಗಿ ಉಪಕಾರಿ. ೨೦೦೧ರಲ್ಲಿ ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ಎಂಬ ಇಬ್ಬರು ಅಮೆರಿಕನ್ನರು ಹೊರತಂದ ಮೆಗಾಸ್ಕ್ವರ್ಟ್ ಎಂಬುದು ಮನೆಯಲ್ಲಿಯೇ ಜೋಡಿಸಿಕೊಳ್ಳಬಹುದಾದ ಅಂತಹ ಒಂದು ಪೆಟ್ಟಿಗೆ. ಇದರಲ್ಲಿ ಗಾಳಿಗೆ ಅಡ್ಡವಾಗುವ ತಗಡಿನ ಕದವಿಲ್ಲ. ಒಳಕೊಳವೆಯ ಒತ್ತಡ, ಗಾಳಿಯ ಶಾಖ, ಎಂಜಿನ್ನಿನ ವೇಗ ಇವುಗಳಿಂದ ಗಾಳಿಯ ತೂಕವನ್ನು ಊಹಿಸುವರು. ಪೆಟ್ರೋಲಿನ ಪ್ರಮಾಣವನ್ನು ಒಡೆಯನೇ ಕೋಷ್ಟಕದಲ್ಲಿ ತಿದ್ದಬಹುದು. ಇಂಜೆಕ್ಟರುಗಳನ್ನು ಆರಿಸುವಾಗಲೂ ದುರಾಸೆ ಸಲ್ಲದು. ೨೦೦ ಅಶ್ವಶಕ್ತಿಯನ್ನು ಬಯಸುವ ಆರು ಸಿಲಿಂಡರಿನ ಎಂಜಿನ್ನಿಗೆ ಮಿನಿಟಿಗೆ ಸುಮಾರು ೨೨೦ ಘನ ಸೆಂಟಿಮೀಟರು ಚಿಮ್ಮುವ ಇಂಜೆಕ್ಟರು ಸಾಕು. ಅದಕ್ಕಿಂತ ಬಹಳ ದೊಡ್ಡದನ್ನು ಹಾಕಿದರೆ, ಬಂಡಿ ನಿಂತಲ್ಲೇ ಮೆಲ್ಲನೆ ಓಡುವಾಗ ಹನಿಯನ್ನು ಸೂಕ್ಷ್ಮವಾಗಿ ಅಳೆಯಲಾರದೆ ಎಂಜಿನ್ನು ನಡುಗುತ್ತದೆ.

ಆದರೆ ಸ್ವಾತಂತ್ರ್ಯದೊಡನೆ ಹೊಣೆಯೂ ಬರುತ್ತದೆ. ಪೂರ್ಣ ಭಾರದಲ್ಲಿ ಓಡುವಾಗ ಪೆಟ್ರೋಲು ಸ್ವಲ್ಪ ಹೆಚ್ಚಾಗಿಯೇ, ಎಂದರೆ ೧೨.೫ರಿಂದ ೧೩ ತೂಕ ಗಾಳಿಗೆ ಒಂದು ತೂಕದಂತೆ, ಇರಬೇಕು. ಅಲ್ಲಿ ಜಿಪುಣತನ ಮಾಡಿದರೆ ಶಾಖವೇರಿ, ಒಳಗೆ ಅಕಾಲದಲ್ಲಿ ಸಿಡಿತ ಹುಟ್ಟಿ, ಪಿಸ್ಟನ್ನು ತೂತಾಗಬಹುದು. ಕಿವಿಯನ್ನು ನಂಬಿ ಇದನ್ನು ತಿದ್ದಲಾಗದು. ಹೊಗೆಕೊಳವೆಯಲ್ಲಿ ಆಮ್ಲಜನಕವನ್ನು ಅಳೆಯುವ ವೈಡ್‌ಬ್ಯಾಂಡ್ ಸೆನ್ಸರನ್ನು ಕೂಡಿಸದೆ ಕೋಷ್ಟಕವನ್ನು ಮುಟ್ಟಬಾರದು.

ಇದಕ್ಕಿಂತಲೂ ಘನವಾದ ವಿಷಯವೊಂದುಂಟು. ಈ ಕ್ರಮದಲ್ಲಿ ಪೆಟ್ರೋಲಿನ ಒತ್ತಡ ಸುಮಾರು ೨.೫ ಬಾರ್, ಎಂದರೆ ಬಂಡಿಯ ಟೈರಿನ ಗಾಳಿಗಿಂತ ಹೆಚ್ಚು. ಈ ಎಂಜಿನ್ನಿನಲ್ಲಿಯಾದರೋ ಗಾಳಿ ಬರುವ ಕೊಳವೆಯೂ ಹೊಗೆ ಹೋಗುವ ಕೊಳವೆಯೂ ಒಂದೇ ಮಗ್ಗುಲಲ್ಲಿವೆ. ಇಂಜೆಕ್ಟರುಗಳ ಕೆಳಗೇ ಕಾದ ಕಬ್ಬಿಣ. ಒಣಗಿ ಬಿರಿದ ಹಳೆಯ ರಬ್ಬರಿನಿಂದ ಚಿಮ್ಮಿದ ಪೆಟ್ರೋಲು ಎಲ್ಲಿ ಬೀಳುವುದೆಂದು ಹೇಳಬೇಕಾಗಿಲ್ಲ. ಆದುದರಿಂದ ಶಕ್ತಿಗಾಗಿ ಒಂದು ಕಾಸನ್ನು ವೆಚ್ಚಮಾಡುವ ಮುನ್ನ, ಇಂಜೆಕ್ಷನ್ನಿನ ಒತ್ತಡಕ್ಕೆಂದೇ ಮಾಡಿದ ಹೊಸ ಹೋಸುಗಳನ್ನೂ ತಕ್ಕ ಕ್ಲಿಪ್ಪುಗಳನ್ನೂ ಹಾಕಿಸತಕ್ಕದ್ದು. ಇನ್ನೊಂದು ಸಂಗತಿ: ಹಳೆಯ ತಗಡಿನ ಕದವು ಮೊದಲ ವರ್ಷಗಳ ಬಂಡಿಗಳಲ್ಲಿ ಕಾವಲುಗಾರನೂ ಆಗಿತ್ತು. ಅಪಘಾತದಲ್ಲಿ ಎಂಜಿನ್ನು ನಿಂತರೆ ಕದ ಮುಚ್ಚಿಕೊಂಡು ಪೆಟ್ರೋಲ್ ಪಂಪು ತಾನಾಗಿಯೇ ನಿಲ್ಲುತ್ತಿತ್ತು. ಕದವನ್ನು ತೆಗೆದವರು ಆ ಕಾವಲನ್ನು ಹೊಸ ಪೆಟ್ಟಿಗೆಗೆ ವಹಿಸದೆ, ಪಂಪಿಗೆ ನೇರವಾಗಿ ತಂತಿಯೆಳೆದರೆ, ಉರಿಯುವ ಮನೆಗೆ ಎಣ್ಣೆ ಹೊಯ್ಯುವ ಏರ್ಪಾಡನ್ನು ತಾವೇ ಮಾಡಿಕೊಂಡಂತೆ. ಮಡದಿಮಕ್ಕಳನ್ನು ಕೂರಿಸಿಕೊಂಡು ಹೋಗುವ ಬಂಡಿಯಲ್ಲಿ ಇದು ಅಕ್ಷಮ್ಯ.

ಕಾನೂನನ್ನೂ ಮರೆಯಬಾರದು. ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ೧೯೭೫ರ ಮತ್ತು ಅದಕ್ಕೂ ಹಿಂದಿನ ಮಾದರಿಗಳಿಗೆ ಹೊಗೆಯ ಪರೀಕ್ಷೆಯಿಂದ ವಿನಾಯತಿಯುಂಟು. ೧೯೭೬ರ ಮಾದರಿಗೆ ಇಲ್ಲ. ನೋಟಕ್ಕೆ ಅವಳಿಗಳಂತಿರುವ ಎರಡು ಬಂಡಿಗಳಲ್ಲಿ ಒಂದಕ್ಕೆ ಸಲ್ಲುವ ಮಾರ್ಪಾಟು ಇನ್ನೊಂದನ್ನು ರಸ್ತೆಗೆ ಸಲ್ಲದಂತೆ ಮಾಡೀತು.

ಹಾಗಾದರೆ ನಮ್ಮ ತೀರ್ಮಾನವೇನು? ಎರಡು ಪಕ್ಷಗಳಲ್ಲಿಯೂ ಅರ್ಧರ್ಧ ಸತ್ಯವಿದೆ. ಮೊದಲು ಸೋರುವುದನ್ನು ನಿಲ್ಲಿಸಿರಿ, ಆಮೇಲೆ ಅಳೆಯಿರಿ, ಬದಲಿಸಲೇಬೇಕೆಂದು ಅಳತೆಯೇ ಹೇಳಿದರೆ ಬದಲಿಸಿರಿ. ತೆಗೆದ ಹಳೆಯ ಭಾಗಗಳನ್ನು ಗುಜರಿಗೆ ಹಾಕದೆ ಬಟ್ಟೆಯಲ್ಲಿ ಸುತ್ತಿ, ಹೆಸರು ಬರೆದು, ಪೆಟ್ಟಿಗೆಯಲ್ಲಿಡಿರಿ. ಮತ್ತೆ ಕೂಡಿಸಲಾಗದಂತೆ ಎಲ್ಲಿಯೂ ಲೋಹವನ್ನು ಕೊರೆಯದಿರಿ. ನಾಳೆ ಆ ಬಂಡಿಯು ಮಗನಿಗೋ ಮಗಳಿಗೋ ಹೋದಾಗ, ಅದನ್ನು ಯಾವ ರೂಪದಲ್ಲಿ ಇಟ್ಟುಕೊಳ್ಳಬೇಕೆಂಬ ಆಯ್ಕೆಯು ಅವರಿಗೂ ಉಳಿದಿರಲಿ.