ಮಂತ್ರವರಿಯದವರ ಮಾಯೆ

ರಜಾದಿನಗಳಲ್ಲಿ ವೈಟ್‌ಫೀಲ್ಡಿನ ಕೆಲವು ಮನೆಗಳಲ್ಲಿ ತರುಣರು ದಾಳವುರುಳಿಸಿ, ತಾವೇ ವೀರರೂ ಮಂತ್ರವಾದಿಗಳೂ ಆಗಿ ಕಥೆ ಹೆಣೆಯುವುದುಂಟು. 1974ರಲ್ಲಿ ಅಮೆರಿಕದಲ್ಲಿ ಅಚ್ಚಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇಂತಹ ಆಟಗಳಿಗೆ ಮೂಲವು. ಇದರಲ್ಲಿ ಮಂತ್ರ ಕಲಿಯದ ಕತ್ತಿಯಾಳಿಗೆ ಮಾಯೆಯು ದೊರೆಯುವುದು ಹೆಚ್ಚಾಗಿ ವಸ್ತುಗಳಿಂದ: ಮಂತ್ರಿಸಿದ ಖಡ್ಗ, ಗಾಯ ಮಾಯಿಸುವ ಮದ್ದು. 1978ರ ನಿಯಮದಂತೆ ನುರಿತ ಕಳ್ಳನು ಮಂತ್ರದ ಸುರುಳಿಯನ್ನೂ ಓದಬಲ್ಲನು. ಆದರೆ ಅದು ತಿರುಗಿಬಿದ್ದರೂ ಬಿದ್ದೀತು!

ನಮ್ಮವರಿಗೆ ಈ ಭೇದವು ಹೊಸತಲ್ಲ. ಕರ್ಣನಿಗೆ ಅಸ್ತ್ರಮಂತ್ರವು ಸಮಯಕ್ಕೆ ಮರೆತುಹೋಯಿತು. ಜೈಮಿನಿ ಭಾರತದಲ್ಲಿ ಅರ್ಜುನನನ್ನು ಬದುಕಿಸಿದ ಸಂಜೀವಕಮಣಿಗೆ ಯಾರ ನೆನಪೂ ಬೇಕಾಗಲಿಲ್ಲ.

ಆದರೆ ಮದ್ದು ಒಮ್ಮೆ ಕುಡಿದರೆ ಮುಗಿಯಿತು. ಇನ್ನೂ ದೊಡ್ಡ ಆಪತ್ತಿಗಿರಲೆಂದು ಅದನ್ನು ಸೊಂಟದಲ್ಲಿಟ್ಟುಕೊಂಡೇ ಮಡಿಯುವ ಜಿಪುಣ ವೀರರನ್ನು ಕಂಡು ನಮಗೆ ಕನಿಕರವೇ ಹುಟ್ಟುತ್ತದೆ. 2014ರ ನಿಯಮದಂತೆ, ಬಿದ್ದ ಜೊತೆಗಾರನಿಗೆ ಅದನ್ನು ಕುಡಿಸಿದರೂ ಅವನು ಏಳುವನು.