ಹುಟ್ಟಿಸಿದವರು ಹುಲ್ಲು ಮೇಯಿಸಲಿ

ನಮ್ಮ ಪತ್ರಿಕೆಗಳಿಗೆ ಕುದುರೆ ನೆನಪಾಗುವುದು ಎರಡು ಸಂದರ್ಭಗಳಲ್ಲಿ. ಒಂದು, ಅದು ಡರ್ಬಿ ಗೆದ್ದಾಗ. ಅದರ ಲಗಾಮು ಹಿಡಿದು ನಗುತ್ತ ನಿಂತ ಮಾಲೀಕರ ಬಣ್ಣದ ಚಿತ್ರ ಕ್ರೀಡಾಪುಟದಲ್ಲಿ ಬರುತ್ತದೆ. ಇನ್ನೊಂದು, ಪಕ್ಕೆಲುಬು ಎದ್ದ ಕುದುರೆಯೊಂದು ಬಸ್ ನಿಲ್ದಾಣದ ಹಿಂದಿನ ಕಸದ ರಾಶಿಗೆ ಬಾಯಿ ಹಾಕಿದಾಗ. ಆ ಚಿತ್ರದ ಅಂಚಿನಲ್ಲೂ ಒಬ್ಬ ಮನುಷ್ಯ ಇರುತ್ತಾನೆ. ಜಟಕಾದವನೋ, ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವನೋ ಆಗಿರುತ್ತಾನೆ. ಮಾಸಿದ ಲುಂಗಿ, ತಲೆಗೊಂದು ಟೋಪಿ. ಕೆಳಗೆ ‘ಮೂಕಪ್ರಾಣಿಯ ಮೇಲೆ ಕ್ರೌರ್ಯ’ ಎಂಬ ಅಡಿಬರಹ. ಈ ಎರಡೂ ಚಿತ್ರಗಳಲ್ಲಿ ಇರುವುದು ಒಂದೇ ಕುದುರೆ ಇರಬಹುದೆಂಬ ಅನುಮಾನ ಮಾತ್ರ ಯಾರಿಗೂ ಬರುವುದಿಲ್ಲ.

ಹುಟ್ಟಿಸಿದ ದೇವರು ಹುಲ್ಲು ಮೇಯಿಸದೆ ಬಿಡುತ್ತಾನೆಯೇ ಎಂಬ ಗಾದೆ ನಮ್ಮಲ್ಲಿದೆ. ಕಷ್ಟ ಬಂದಾಗ ಬಡವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸಮಾಧಾನ ಅದು. ಆದರೆ ರೇಸಿನ ಕುದುರೆಯನ್ನು ಹುಟ್ಟಿಸುವುದು ದೇವರಿಗೆ ಬಿಟ್ಟ ಕೆಲಸವಾಗಿ ಉಳಿದಿಲ್ಲ. ಯಾವ ಗಂಡಿಗೆ ಯಾವ ಹೆಣ್ಣು, ಯಾವ ತಿಂಗಳಲ್ಲಿ, ಎಷ್ಟು ದುಡ್ಡಿಗೆ ಎಂಬುದೆಲ್ಲ ಕಾಗದದ ಮೇಲೆ ತೀರ್ಮಾನವಾಗುತ್ತದೆ. ತಂದೆತಾಯಿಯ, ಅಜ್ಜ ಮುತ್ತಜ್ಜರ ಹೆಸರು ದಾಖಲಾಗುತ್ತದೆ. ನಮ್ಮಂಥವರಿಗೆ ಮುತ್ತಜ್ಜಿಯ ಹೆಸರು ಕೇಳಿದರೆ ತಡವರಿಸುತ್ತೇವೆ. ಕುದುರೆಯ ವಂಶಾವಳಿ ಶತಮಾನಗಳ ಹಿಂದಕ್ಕೆ ಹೋಗುತ್ತದೆ. ಇಷ್ಟು ಲೆಕ್ಕವಿಟ್ಟು ಹುಟ್ಟಿಸಿದವರು ಹುಲ್ಲು ಮೇಯಿಸುವ ಹೊತ್ತಿಗೆ ಎಲ್ಲಿ ಮಾಯವಾಗುತ್ತಾರೆ? ನನ್ನ ಪ್ರಶ್ನೆ ಇಷ್ಟೆ.

ಸರಳವಾದ ಲೆಕ್ಕವೊಂದನ್ನು ನೋಡಿ. ಕುದುರೆ ಚೆನ್ನಾಗಿ ಸಾಕಿದರೆ 25 ವರ್ಷ ಬದುಕುತ್ತದೆ, 30 ದಾಟಿದವೂ ಇವೆ. ರೇಸಿನ ಕುದುರೆ ಓಡಲು ತೊಡಗುವುದು ಎರಡು ಮೂರು ವರ್ಷಕ್ಕೆ, ಮೂಳೆ ಇನ್ನೂ ಪೂರ್ತಿ ಬಲಿಯುವ ಮುನ್ನವೇ. ಹೆಚ್ಚಿನವುಗಳ ಓಟ ಏಳೆಂಟು ವರ್ಷದೊಳಗೆ ಮುಗಿಯುತ್ತದೆ. ಮುಂಗಾಲಿನ ಸ್ನಾಯು ಹರಿದರೆ ಇನ್ನೂ ಬೇಗ. ಅಂದರೆ ದುಡಿಮೆ ಮುಗಿದ ಮೇಲೂ ಹದಿನೈದು ಇಪ್ಪತ್ತು ವರ್ಷದ ಬದುಕು ಉಳಿದಿರುತ್ತದೆ. ನಾಲ್ಕೈದು ನೂರು ಕಿಲೋ ತೂಗುವ ಈ ಪ್ರಾಣಿಗೆ ದಿನಕ್ಕೆ ಎಂಟು ಹತ್ತು ಕಿಲೋ ಮೇವು ಬೇಕು, ಮೂವತ್ತು ಲೀಟರಿನಷ್ಟು ನೀರು ಬೇಕು. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು, ಲಾಳ ಬದಲಿಸಬೇಕು. ಹೊಟ್ಟೆನೋವು ಬಂದರೆ ಒಂದೇ ರಾತ್ರಿಯಲ್ಲಿ ಸಾಯಬಹುದು. ನಾಯಿಯನ್ನು ಸಾಕಿದಂತೆ ಅನ್ನದ ತಂಗಳು ಹಾಕಿ ಸಾಕುವ ಪ್ರಾಣಿ ಇದಲ್ಲ.

ಇನ್ನು ಹುಟ್ಟಿಸುವ ಲೆಕ್ಕ. ರೇಸಿಗೆ ಬೇಕಾದದ್ದು ಗೆಲ್ಲುವ ಕುದುರೆ. ಯಾವ ಮರಿ ಗೆಲ್ಲುತ್ತದೆಂದು ಹುಟ್ಟುವ ಮೊದಲೇ ಹೇಳುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ. ಡರ್ಬಿಗೆ ಗೆಲ್ಲುವವ ಒಬ್ಬನೇ. ಆ ಒಂದಕ್ಕಾಗಿ ನೂರಾರು ಮರಿಗಳನ್ನು ಹುಟ್ಟಿಸಿ ಜರಡಿ ಹಿಡಿಯಬೇಕು. ಹೆಸರಾದ ಬೀಜದ ಕುದುರೆಗೆ ಒಂದೇ ಋತುವಿನಲ್ಲಿ ಹತ್ತಾರು ಹೆಣ್ಣುಗಳು. ಹೆಣ್ಣುಕುದುರೆ ಹನ್ನೊಂದು ತಿಂಗಳು ಹೊತ್ತು ಹೆತ್ತು, ಮರಿ ಇನ್ನೂ ಕೆಚ್ಚಲಲ್ಲಿರುವಾಗಲೇ ಮತ್ತೆ ಬಸಿರಾಗಬೇಕು. ಜರಡಿಯಲ್ಲಿ ಉಳಿದದ್ದು ಹರಾಜಿನಲ್ಲಿ ಲಕ್ಷಗಳಿಗೆ ಹೋಗುತ್ತದೆ. ಸೋರಿಹೋದದ್ದಕ್ಕೆ ಹೆಸರಿಲ್ಲ. ಬೇಡದ ಕುದುರೆ ಅಕಸ್ಮಾತ್ತಾಗಿ ಹುಟ್ಟಿದ್ದಲ್ಲ; ಗೆಲ್ಲುವ ಕುದುರೆಯ ಬೆಲೆಯಲ್ಲಿ ಅದೂ ಸೇರಿಕೊಂಡಿದೆ. ಆ ಬೆಲೆಯನ್ನು ಮಾತ್ರ ಬೇರೆ ಯಾರೋ ತೆರುತ್ತಾರೆ.

ಯಾರು ತೆರುತ್ತಾರೆ? ಸೋತ ಕುದುರೆ ಒಂದು ಏಣಿಯನ್ನು ಇಳಿಯತೊಡಗುತ್ತದೆ. ಮೊದಲ ಮೆಟ್ಟಿಲು ಸವಾರಿ ಶಾಲೆ. ಅದೃಷ್ಟವಿದ್ದರೆ ಅಲ್ಲೇ ಮುಪ್ಪಾಗುತ್ತದೆ. ಇಲ್ಲದಿದ್ದರೆ ಮದುವೆ ಮೆರವಣಿಗೆ, ಸಮುದ್ರದಂಡೆಯಲ್ಲಿ ಮಕ್ಕಳ ಸವಾರಿ, ಕೊನೆಗೆ ಗಾಡಿ. ಪ್ರತಿ ಮೆಟ್ಟಿಲಿನಲ್ಲೂ ಕುದುರೆಯ ಬೆಲೆ ಇಳಿಯುತ್ತದೆ, ಕೊಳ್ಳುವವನ ಬಡತನ ಏರುತ್ತದೆ.

ನಮ್ಮ ಮೊಹಲ್ಲಾದಲ್ಲಿ ಜಟಕಾ ಓಡಿಸುವ ಚಾಚಾ ಒಬ್ಬರಿದ್ದರು. ಒಮ್ಮೆ ಅವರು ತಂದ ಕುದುರೆ ನಾವು ನೋಡಿದ್ದ ಗಾಡಿ ಕುದುರೆಗಳಂತಿರಲಿಲ್ಲ. ಎತ್ತರದ ನಿಲುವು, ಕಾಗದದಷ್ಟು ತೆಳುವಾದ ಚರ್ಮ, ಲಾರಿ ಹಾರನ್ ಹೊಡೆದರೆ ಮೈಯೆಲ್ಲ ನಡುಗುತ್ತಿತ್ತು. ರೇಸಿನ ಕುದುರೆ, ಕಾಲು ಕೆಟ್ಟಿದ್ದರಿಂದ ಅಗ್ಗಕ್ಕೆ ಸಿಕ್ಕಿತೆಂದರು. “ಇದು ಓಡೋಕೆ ಹುಟ್ಟಿದ್ದು ಬೇಟಾ, ಎಳೆಯೋಕಲ್ಲ. ಇದರ ಹೊಟ್ಟೆಗೆ ಹಾಕೋ ಹುರುಳಿಯಲ್ಲಿ ನನ್ನ ಮಕ್ಕಳೆಲ್ಲ ಉಣ್ಣಬಹುದು” ಎಂದು ಅವರೇ ಹೇಳುತ್ತಿದ್ದರು. ಅದು ಒಂದು ಮಳೆಗಾಲ ಕಳೆಯಿತು, ಎರಡನೆಯದನ್ನು ಕಳೆಯಲಿಲ್ಲ. ಸತ್ತ ದಿನ ಬೀದಿಯವರೆಲ್ಲ ಚಾಚಾನನ್ನೇ ಬೈದರು. ಲಕ್ಷಗಟ್ಟಲೆ ದುಡಿಸಿಕೊಂಡು ಕಾಲು ಕೆಟ್ಟೊಡನೆ ದಾಟಿಸಿದವರ ಹೆಸರು ಬೀದಿಯವರಿಗೆ ಗೊತ್ತಿರಲಿಲ್ಲ. ಚಾಚಾನಿಗೂ ಗೊತ್ತಿರಲಿಲ್ಲ.

ಏಣಿಯಿಂದ ಪಕ್ಕಕ್ಕೆ ಹೊರಳುವ ದಾರಿಯೂ ಒಂದಿದೆ. ಪುಣೆಯ ಪೂನಾವಾಲಾ ಕುಟುಂಬದ ಕುದುರೆ ಫಾರ್ಮ್ ಶುರುವಾದದ್ದು 1946ರಲ್ಲಿ. ಓಟ ಮುಗಿದ ಕುದುರೆಗಳು ಅಲ್ಲಿಂದ ಮುಂಬಯಿಯ ಹಾಫ್‌ಕಿನ್ ಸಂಸ್ಥೆಗೆ ಸೀರಂ ತಯಾರಿಕೆಗೆ ಹೋಗುತ್ತಿದ್ದವು. ಆ ಕೆಲಸವನ್ನು ತಾವೇ ಏಕೆ ಮಾಡಬಾರದೆಂಬ ಯೋಚನೆಯಿಂದ 1966ರಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಹುಟ್ಟಿತು. ಇಂದಿಗೂ ಹಾವು ಕಡಿತದ ಮದ್ದು ತಯಾರಾಗುವುದು ಕುದುರೆಯ ರಕ್ತದಿಂದ. ನಾಗರಹಾವು, ಕೊಳಕುಮಂಡಲ ಸೇರಿದಂತೆ ನಾಲ್ಕು ಹಾವುಗಳ ವಿಷವನ್ನು ಅಲ್ಪಸ್ವಲ್ಪವಾಗಿ ಕುದುರೆಗೆ ಚುಚ್ಚಿ, ಅದರ ಮೈಯಲ್ಲಿ ಪ್ರತಿವಿಷ ಹುಟ್ಟಿದ ಮೇಲೆ ರಕ್ತ ತೆಗೆಯುತ್ತಾರೆ. ಗದ್ದೆಯಲ್ಲಿ ಹಾವು ಕಡಿಸಿಕೊಂಡ ರೈತನ ಜೀವ ಉಳಿಸುವ ಇದನ್ನು ಹಳಿಯುವ ಮನಸ್ಸು ನನಗಿಲ್ಲ. ಆದರೆ ಒಂದು ಪ್ರಾಣಿ ಮೊದಲು ನಮ್ಮ ಮೋಜಿಗೆ ಓಡಿ, ಆಮೇಲೆ ನಮ್ಮ ಜೀವಕ್ಕೆ ರಕ್ತ ಕೊಟ್ಟಿದ್ದರೆ, ಅದಕ್ಕೆ ನಾವು ತೀರಿಸಬೇಕಾದ ಋಣ ಇಮ್ಮಡಿಯಾಗುತ್ತದೆ.

ಋಣ ತೀರಿಸುತ್ತಿರುವ ಬಗೆ ನೋಡಿ. 2025ರಲ್ಲಿ ಹೈದರಾಬಾದಿನಿಂದ ಮಧ್ಯಪ್ರದೇಶದ ಜಬಲ್ಪುರದ ಬಳಿಯ ಹಳ್ಳಿಯೊಂದಕ್ಕೆ 57 ಕುದುರೆಗಳನ್ನು ಬಿರುಬೇಸಿಗೆಯಲ್ಲಿ ಲಾರಿಗಳಲ್ಲಿ ಸಾಗಿಸಲಾಯಿತು. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಸತ್ತವು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಸತ್ತ ಮೇಲೆ ಕುದುರೆ ಯಾರದೆಂಬುದೇ ವಾದದ ವಸ್ತುವಾಯಿತು. ಗೆದ್ದ ದಿನ ಲಗಾಮು ಹಿಡಿಯಲು ನೂಕುನುಗ್ಗಲು, ಸತ್ತ ದಿನ ವಾರಸುದಾರರೇ ಇಲ್ಲ.

ಕಾನೂನು ಏನು ಹೇಳುತ್ತದೆ? 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಕಲಮಿನ ಪ್ರಕಾರ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ತೊರೆದುಬಿಡುವುದು ಅಪರಾಧ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಒಂದು ಸಿವುಡು ಹುಲ್ಲಿನ ಬೆಲೆ! ಅದೇ ಸರ್ಕಾರ ಕುದುರೆಯ ಮೇಲೆ ಕಟ್ಟಿದ ಬಾಜಿಯ ಪೂರ್ತಿ ಮೊತ್ತದ ಮೇಲೆ 2023ರ ಅಕ್ಟೋಬರಿನಿಂದ ಶೇ. 28ರಷ್ಟು ಜಿಎಸ್‌ಟಿ ವಸೂಲಿ ಮಾಡತೊಡಗಿತು. 2025ರ ಸೆಪ್ಟೆಂಬರಿನಲ್ಲಿ ಅದನ್ನು ಶೇ. 40ಕ್ಕೆ ಏರಿಸಿತು. ಓಡುವ ಕುದುರೆಯ ಬೆನ್ನಿನಿಂದ ನೂರಕ್ಕೆ ನಲವತ್ತು. ಓಡಲಾರದ ಕುದುರೆಯನ್ನು ಬೀದಿಗೆ ಬಿಟ್ಟರೆ ಹತ್ತು ರೂಪಾಯಿ. ನಮ್ಮ ರಾಜ್ಯಕ್ಕೂ ಇದರಲ್ಲಿ ಪಾಲಿದೆ. ಟಿಪ್ಪುವಿನ ಕಾಲದಿಂದ ಬಂದದ್ದೆಂದು ಹೇಳಲಾಗುವ ಕುಣಿಗಲ್ಲಿನ ಕುದುರೆ ಫಾರ್ಮಿನ ನೆಲ ಸರ್ಕಾರದ್ದು. 1992ರಲ್ಲಿ ಅದನ್ನು ವಿಜಯ್ ಮಲ್ಯರ ಕಂಪೆನಿಗೆ ಮೂವತ್ತು ವರ್ಷಗಳ ಗುತ್ತಿಗೆಗೆ ಕೊಟ್ಟಾಗ ಅಲ್ಲಿ ಹುಟ್ಟುವ ಕುದುರೆಗಳ ಮುಪ್ಪಿನ ಬಗ್ಗೆ ಯಾರೂ ಸೊಲ್ಲೆತ್ತಿದ್ದು ನನಗೆ ನೆನಪಿಲ್ಲ. ಬೆಂಗಳೂರಿನ ರೇಸ್ ಕೋರ್ಸನ್ನು ಊರಾಚೆ ಸಾಗಿಸಬೇಕೆಂಬ ಚರ್ಚೆಯೂ ವರ್ಷಾನುಗಟ್ಟಲೆಯಿಂದ ನಡೆದಿದೆ. ನೆಲದ ಬೆಲೆ, ಮರಗಳು, ವಾಹನ ದಟ್ಟಣೆ ಎಲ್ಲ ಅದರಲ್ಲಿ ಬಂದುಹೋದವು. ಕುದುರೆ ಎಲ್ಲಿಗೆ ಹೋಗಬೇಕೆಂಬುದೊಂದು ಬರಲಿಲ್ಲ.

ಕೆಲವರು ಕೇಳಬಹುದು: ದೇಶದಲ್ಲಿ ಕುದುರೆಗಳೇ ಕಡಿಮೆಯಾಗುತ್ತಿರುವಾಗ ಹೆಚ್ಚು ಹುಟ್ಟಿಸುತ್ತಿದ್ದಾರೆಂಬ ಮಾತೆಲ್ಲಿ? ನಿಜ, 2012ರ ಜಾನುವಾರು ಗಣತಿಯಲ್ಲಿ ಕುದುರೆ ಮತ್ತು ತಟ್ಟುಗಳು ಸುಮಾರು 6.25 ಲಕ್ಷ ಇದ್ದವು, 2019ರಲ್ಲಿ 3.42 ಲಕ್ಷಕ್ಕೆ ಇಳಿದವು. ಆದರೆ ಈ ಅಂಕಿ ಹೇಳುವುದು ಬೇರೆಯೇ ಕತೆ. ಕುದುರೆಗೆ ಕೆಲಸ ಕೊಡುತ್ತಿದ್ದ ಗಾಡಿ, ಹೇರು, ಜಟಕಾಗಳು ಮುಗಿಯುತ್ತಿವೆ. ಮೈಸೂರಿನ ಟಾಂಗಾಗಳು ಅರಮನೆ ನೋಡಲು ಬರುವ ಪ್ರವಾಸಿಗರನ್ನು ನಂಬಿ ಉಸಿರು ಹಿಡಿದಿವೆ. ಏಣಿಯ ಕೆಳಗಿನ ಮೆಟ್ಟಿಲುಗಳು ಒಂದೊಂದಾಗಿ ಮುರಿಯುತ್ತಿವೆ. ಮೇಲಿನಿಂದ ಕುದುರೆ ಇಳಿಯುವುದು ಮಾತ್ರ ನಿಂತಿಲ್ಲ. ಆಗ ಅದು ಬೀಳುವುದು ನೇರ ಬೀದಿಗೆ.

ಇಂಥ ಹೊತ್ತಿನಲ್ಲಿ ನಮ್ಮ ಪ್ರಾಣಿದಯೆ ಹಿಡಿಯುವುದು ಯಾರನ್ನು? ಮುಂಬಯಿಯ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರವೆಂದು 2015ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಡಾಂಬರಿನ ಮೇಲೆ ಓಡಿ ಗೊರಸು ಸವೆದ ಆ ಕುದುರೆಗಳ ಪಾಡು ಕಂಡವರಾರೂ ತೀರ್ಪು ತಪ್ಪೆನ್ನಲಾರರು. ಆದರೆ ಗಾಡಿ ನಿಂತ ಅದೇ ಊರಿನ ಮಹಾಲಕ್ಷ್ಮಿಯಲ್ಲಿ ರೇಸು ನಿಲ್ಲಲಿಲ್ಲ. ಬಡವನ ಹೊಟ್ಟೆಪಾಡಿನ ಕುದುರೆ ಕ್ರೌರ್ಯ, ಸಿರಿವಂತನ ಮೋಜಿನ ಕುದುರೆ ಕ್ರೀಡೆ. ಬೀದಿಯಲ್ಲಿ ಕಾಣುವ ಹಿಂಸೆಗೆ ಮರುಗುವ ನಮ್ಮ ಕಣ್ಣು ಗೋಡೆಯಾಚೆಯದನ್ನು ನೋಡಲಾರದೆ?

ಕೊನೆಯ ಬಾಗಿಲನ್ನಷ್ಟೇ ಮುಚ್ಚಿದರೆ ಏನಾಗುತ್ತದೆಂಬುದಕ್ಕೆ ದೊಡ್ಡ ಸಾಕ್ಷಿ ಅಮೆರಿಕ. 1986ರಲ್ಲಿ ಉತ್ತರ ಅಮೆರಿಕದಲ್ಲಿ 51 ಸಾವಿರಕ್ಕೂ ಹೆಚ್ಚು ರೇಸಿನ ಮರಿಗಳು ನೋಂದಣಿಯಾದವು. ಅದೇ ವರ್ಷ ಕೆಂಟಕಿ ಡರ್ಬಿ ಗೆದ್ದ ಫರ್ಡಿನಾಂಡ್ ಎಂಬ ಕುದುರೆಯನ್ನು ಮುಂದೆ ತಳಿಗಾಗಿ ಜಪಾನಿಗೆ ಮಾರಿದರು. ಅದು ಅಲ್ಲಿ ಕಸಾಯಿಖಾನೆ ಸೇರಿತೆಂದು 2003ರಲ್ಲಿ ವರದಿಯಾದಾಗ ದೊಡ್ಡ ಕೂಗೆದ್ದಿತು. ಗೆದ್ದ ಕುದುರೆಯ ಗತಿಯೇ ಇದಾದರೆ ಸೋತವುಗಳ ಮಾತೇನು? 2007ರಲ್ಲಿ ಅಮೆರಿಕದಲ್ಲಿ ಉಳಿದಿದ್ದ ಮೂರು ಕುದುರೆ ಕಸಾಯಿಖಾನೆಗಳೂ ಮುಚ್ಚಿದವು. ಮೂರೇ ವರ್ಷದಲ್ಲಿ, 2010ರಲ್ಲಿ, ಸುಮಾರು 1 ಲಕ್ಷ 38 ಸಾವಿರ ಕುದುರೆಗಳು ಮೆಕ್ಸಿಕೊ ಮತ್ತು ಕೆನಡಾದ ಕಸಾಯಿಖಾನೆಗಳಿಗೆ ಸಾಗಿಹೋದವು. ಒಳಗೆ ಕೊಲ್ಲುತ್ತಿದ್ದಷ್ಟನ್ನೇ ಗಡಿಯಾಚೆ ಕೊಲ್ಲಿಸಿದ್ದಾಯಿತು, ಪ್ರಯಾಣದ ಯಾತನೆಯೊಂದು ಹೆಚ್ಚಾಯಿತು ಅಷ್ಟೆ. ಇದನ್ನು ಹೇಳಿದ್ದು ಅಲ್ಲಿನ ಸರ್ಕಾರದ್ದೇ ಲೆಕ್ಕಪರಿಶೋಧನಾ ಕಚೇರಿ.

ಹಾಗಾದರೆ ಮಾಡಬೇಕಾದದ್ದೇನು? ಮೊದಲ ಬಾಗಿಲಿನಲ್ಲಿ ನಿಂತು ಸುಂಕ ಕೇಳಬೇಕು. ಮರಿಯೊಂದು ನೋಂದಣಿಯಾಗುವ ದಿನವೇ ಅದರ ಮುಪ್ಪಿನ ಖರ್ಚಿಗೆಂದು ಹುಟ್ಟಿಸಿದವರು ಠೇವಣಿ ಇಡಬೇಕು. ಠೇವಣಿ ಇಲ್ಲದಿದ್ದರೆ ನೋಂದಣಿ ಇಲ್ಲ, ನೋಂದಣಿ ಇಲ್ಲದಿದ್ದರೆ ಓಟವಿಲ್ಲ. ಇಷ್ಟು ಮಾಡಿದರೆ ಸಾಕು, ಎಷ್ಟು ಮರಿ ಬೇಕೆಂದು ಅವರೇ ಎರಡು ಸಲ ಯೋಚಿಸುತ್ತಾರೆ. ಎರಡನೆಯದು, ಕುದುರೆ ಕೈ ಬದಲಿಸಿದಾಗಲೆಲ್ಲ ಅದರ ದಾಖಲೆಯಲ್ಲಿ ಬರೆಯಬೇಕು. ಸಾಯುವ ತನಕ ಹುಟ್ಟಿಸಿದವರ ಮತ್ತು ಓಡಿಸಿದವರ ಹೆಸರು ಅದರಲ್ಲಿ ಉಳಿಯಬೇಕು. ಬ್ರಿಟನ್ನಿನಲ್ಲಿ ಪ್ರತಿ ಕುದುರೆಗೂ ಪಾಸ್‌ಪೋರ್ಟ್ ಇದೆ. ಮೂರನೆಯದು, ಬಾಜಿಯ ತೆರಿಗೆಯಲ್ಲಿ ಒಂದು ಪಾಲು ನಿವೃತ್ತ ಕುದುರೆಗಳಿಗೆ ಮೀಸಲಾಗಬೇಕು. ಬ್ರಿಟನ್ನಿನ ರೇಸಿಂಗ್ ಲೋಕ 2000ದಲ್ಲಿ, ಅಮೆರಿಕದ್ದು 2012ರಲ್ಲಿ, ಓಟ ಮುಗಿದ ಕುದುರೆಗಳಿಗೆಂದೇ ಸಂಸ್ಥೆ ಕಟ್ಟಿಕೊಂಡಿತು. ಅವು ಸಾಲವೆಂಬ ದೂರು ಅಲ್ಲೂ ಇದೆ. ನಮ್ಮಲ್ಲಿ ದೂರುವುದಕ್ಕಾದರೂ ಅಂಥದ್ದೊಂದು ಇರಲಿ.

ಇದರಿಂದ ಬಡವರ ಕೆಲಸ ಹೋಗುತ್ತದೆಂದು ಹೆದರಿಸುವವರಿದ್ದಾರೆ. ಲಾಯದಲ್ಲಿ ಸಗಣಿ ಬಾಚುವ ಸಾಯಿಸ್, ಲಾಳ ಹೊಡೆಯುವ ನಾಲಬಂದ, ಮೇವು ತರುವ ಕೂಲಿಯವರ ಹೆಸರನ್ನು ಆಗ ಅವರು ನೆನೆಯುತ್ತಾರೆ. ಮುದಿ ಕುದುರೆಗೂ ಗೊರಸು ಬೆಳೆಯುತ್ತದೆ, ಹಸಿವಾಗುತ್ತದೆ. ಅದನ್ನು ಸಾಕುವ ಜಾಗಗಳು ಬಂದರೆ ಈ ಕೈಗಳಿಗೆ ಕೆಲಸ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಗಾಡಿ ಕಳೆದುಕೊಂಡ ಜಟಕಾದವರಿಗಿಂತ ಕುದುರೆ ಬಲ್ಲವರು ಇನ್ನೆಲ್ಲಿ ಸಿಕ್ಕಾರು? ಕುದುರೆ ರೇಸು ಜೂಜಲ್ಲ, ಕುದುರೆಯ ಸಾಮರ್ಥ್ಯ ಮತ್ತು ಜಾಕಿಯ ನೈಪುಣ್ಯ ನಿರ್ಣಯಿಸುವ ಕೌಶಲದ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರೇಸ್ ಕ್ಲಬ್ಬುಗಳು ಇಂದಿಗೂ ಆ ತೀರ್ಪಿನ ನೆರಳಲ್ಲಿವೆ. ಒಳ್ಳೆಯದು. ಕೌಶಲ ಕುದುರೆಯದಾದರೆ ಅದು ದುಡಿದ ಕಾರ್ಮಿಕ. ಕಾರ್ಮಿಕನಿಗೆ ಪಿಂಚಣಿ ಕೊಡಿ.

ನಮ್ಮೊಳಗಿನವರಿಗೂ ಒಂದು ಮಾತು. ವೇದಿಕೆ ಸಿಕ್ಕರೆ ನಾವು ಟಿಪ್ಪುವಿನ ಅಶ್ವದಳದ, ಭಟ್ಕಳದ ಬಂದರಿಗೆ ಹಡಗಿನಲ್ಲಿ ಬಂದಿಳಿಯುತ್ತಿದ್ದ ಅರಬ್ಬೀ ಕುದುರೆಗಳ ವೈಭವ ಹೇಳಿ ಎದೆ ಉಬ್ಬಿಸುತ್ತೇವೆ. ವಿಜಯನಗರದ ಅರಸರು ವರ್ಷಕ್ಕೆ 13 ಸಾವಿರ ಕುದುರೆ ಕೊಳ್ಳುತ್ತಿದ್ದರೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟ. ಪ್ರತಿ ವರ್ಷವೂ ಅಷ್ಟೊಂದು ಏಕೆ ಬೇಕಾಗುತ್ತಿತ್ತು, ಹಿಂದಿನ ವರ್ಷದವು ಏನಾದವು ಎಂದು ನಾವು ಕೇಳುವುದಿಲ್ಲ. ಮಗನ ಬಾರಾತಿಗೆ ಒಂದು ತಾಸು ಕುದುರೆ ಬೇಕು. ಬ್ಯಾಂಡಿನ ಸದ್ದಿಗೆ, ಪಟಾಕಿಗೆ ಅದು ಬೆದರಿದರೆ ಹಿಡಿದವನ ಮೇಲೆ ಸಿಟ್ಟು. ಕುರ್‌ಆನಿನ ಒಂದು ಅಧ್ಯಾಯಕ್ಕೆ ಓಡುವ ಕುದುರೆಗಳದೇ ಹೆಸರಿದೆ. ಅದರ ಮಾತು ಬರುವುದು ಕುದುರೆಯ ಬಳಿ ನಿಲ್ಲುವುದಿಲ್ಲ, ಮನುಷ್ಯನ ಕೃತಘ್ನತೆಗೆ ಬಂದು ತಾಗುತ್ತದೆ.

ಮುಂದಿನ ಸಲ ಕಸದ ರಾಶಿಯ ಬಳಿ ಎಲುಬಾದ ಕುದುರೆ ಕಂಡರೆ ಜಟಕಾದವನನ್ನು ಬೇಕಾದರೆ ಕೇಳಿ, ಬಿಡಬೇಡಿ. ಅವನೂ ಉತ್ತರ ಕೊಡಬೇಕು. ಆದರೆ ಅವನಲ್ಲಿಗೆ ನಿಲ್ಲಿಸಬೇಡಿ. ಅವನಿಗೆ ಮಾರಿದವನನ್ನು ಕೇಳಿ, ಅವನಿಗೆ ಮಾರಿದವನನ್ನೂ ಕೇಳಿ. ಹಾಗೆ ಕೇಳುತ್ತ ಹೋದರೆ ಕೊನೆಗೆ ಎತ್ತರದ ಗೇಟೊಂದರ ಮುಂದೆ ಹೋಗಿ ನಿಲ್ಲುತ್ತೀರಿ. ಒಳಗೆ ಹಸಿರು ಹುಲ್ಲು ಬೇಕಾದಷ್ಟಿರುತ್ತದೆ.